ಹಾಸಿಗೆ ಇದ್ದಷ್ಟು ಟೈರು

ಹೋದ ವಾರ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. ಸುಮ್ಮಸುಮ್ಮನೆ ಫೋನ್ ಮಾಡುವ ಪೈಕಿ ಅಲ್ಲ ಅವನು. "ಊಟ ಆಯ್ತಾ ಮಾವ, ಮಳೆ ಹೆಂಗಿದೆ ಮಾವ" ಅಂತ ಎರಡು ನಿಮಿಷ ಸುತ್ತು ಹೊಡೆದು ಕೊನೆಗೆ ವಿಷಯಕ್ಕೆ ಬಂದ. ಅವನ ಸೆಕೆಂಡ್ ಹ್ಯಾಂಡ್ 150 ಸಿಸಿ ಬೈಕಿನ ಹಿಂದಿನ ಟೈರು ಸವೆದಿದೆ. ಗಾಡಿಯ ಜೊತೆ ಕಂಪನಿ ಕೊಟ್ಟ ಅಳತೆ 100. ಅವನಿಗೆ ಈಗ ಬೇಕಾಗಿರೋದು 140.

"ಅಂಗಡಿಯವ್ನು ಕೂರುತ್ತೆ ಅಂದಿದಾನೆ ಮಾವ. ಚೈನ್ ಕವರ್ ಸ್ವಲ್ಪ ಕತ್ತರಿಸಬೇಕಂತೆ, ಅಷ್ಟೆ."

ಬೇಡ ಮಾರಾಯ ಅಂದೆ. ಯಾಕೆ ಬೇಡ ಅಂತ ಅವನು ಕೇಳಲಿಲ್ಲ. ಕೇಳಿದ್ದು ಬೇರೆ. "ನೀನೂ ಹಾಕ್ಸಿದ್ದೆ ತಾನೆ? ಅಮ್ಮನ ಹಳೇ ಆಲ್ಬಮ್ಮಲ್ಲಿ ಫೋಟೊ ಇದೆ. ಗಾಡಿ ಏನ್ ಸಕತ್ತಾಗಿ ಕಾಣುತ್ತೆ ಗೊತ್ತಾ!"

ಆ ಫೋಟೊ ನನಗೂ ಗೊತ್ತು. ಹಿಂದಿನಿಂದ ತೆಗೆದದ್ದು. ಗಾಡಿಯ ಮುಂದಿನ ಚಕ್ರ ಅದರಲ್ಲಿ ಕಾಣೋದೇ ಇಲ್ಲ. ದಪ್ಪ ಕಪ್ಪು ಟೈರು, ಅದರ ಮೇಲೆ ನಂಬರ್ ಪ್ಲೇಟು, ಪಕ್ಕದಲ್ಲಿ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತ ನಾನು. "ಆಮೇಲೆ ಮಾಡ್ತೀನಿ" ಅಂತ ಫೋನ್ ಇಟ್ಟೆ. ಈ ಬರಹ ಅವನಿಗೆ ಕೊಡಬೇಕಾಗಿದ್ದ ಉತ್ತರ. ಅವನಂಥ ಹುಡುಗರು ಊರಿಗೆ ನೂರು ಜನ ಇರೋದರಿಂದ ಇಲ್ಲೇ ಬರೀತಾ ಇದೀನಿ.

ಮೊದಲು ಈ ಆಸೆಯನ್ನೇ ಸ್ವಲ್ಪ ನೋಡೋಣ. ಹಿಂದಿನ ಟೈರು ದಪ್ಪ ಇದ್ದರೆ ಚಂದ ಅನ್ನೋ ರುಚಿ ನಮ್ಮಲ್ಲಿ ಮೊದಲಿನಿಂದ ಇದ್ದದ್ದಲ್ಲ. ನಾನು ಹೈಸ್ಕೂಲಿಗೆ ಹೋಗುವ ಕಾಲಕ್ಕೆ ಹುಡುಗರು ಬಾಯಿ ಬಿಟ್ಟುಕೊಂಡು ನೋಡ್ತಿದ್ದ ಗಾಡಿ ಯಮಹಾ ಆರ್‌ಎಕ್ಸ್ 100. ಅದರ ಹಿಂದಿನ ಟೈರಿನ ಅಳತೆ 2.75-18. ಎರಡೂಮುಕ್ಕಾಲು ಇಂಚು ಅಗಲ, ಮಿಲಿಮೀಟರಿನಲ್ಲಿ ಹೇಳೋದಾದರೆ ಸುಮಾರು 70. ಗಂಭೀರ ಜನ ಓಡಿಸುತ್ತಿದ್ದ ಬುಲೆಟ್ಟಿಗೆ ಹಿಂದೆ ಮುಂದೆ ಎರಡೂ ಕಡೆ 3.25-19. ಈ ಗಾಡಿಗಳನ್ನು ನೋಡಿ "ಟೈರು ತೆಳ್ಳಗಾಯ್ತು" ಅಂತ ಯಾರೂ ಅಂದದ್ದು ನನಗೆ ನೆನಪಿಲ್ಲ. ಆಗ ಕಣ್ಣು ಹೋಗ್ತಿದ್ದದ್ದು ಟ್ಯಾಂಕಿನ ಕಡೆಗೆ, ಕಿವಿ ಹೋಗ್ತಿದ್ದದ್ದು ಸೈಲೆನ್ಸರಿನ ಕಡೆಗೆ.

2004ರಲ್ಲಿ 'ಧೂಮ್' ಸಿನಿಮಾ ಬಂತು. ಅದರಲ್ಲಿ ಕಳ್ಳರು ಓಡಿಸಿದ ಸುಜುಕಿ ಹಯಾಬುಸಾದ ಹಿಂದಿನ ಟೈರು 190. ಸಿನಿಮಾ ಮುಗಿಸಿ ಟಾಕೀಸಿನಿಂದ ಹೊರಗೆ ಬಂದರೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿದ್ದ ನಮ್ಮ ಗಾಡಿಗಳು ಬಡಕಲು ಕುದುರೆಗಳ ಹಾಗೆ ಕಂಡವು. ಅದೇ ದಿನ ರುಚಿ ಬದಲಾಯ್ತು ಅಂತ ಹೇಳಲ್ಲ. ಆದರೆ ಗಾಡಿಯನ್ನು ಹಿಂದಿನಿಂದ ನೋಡಬೇಕು ಅನ್ನೋದನ್ನ ನಮ್ಮ ತಲೆಮಾರು ಕಲಿತದ್ದು ಅಂಥ ಸಿನಿಮಾಗಳಿಂದಲೇ. 2008ರಲ್ಲಿ ಯಮಹಾದವರು ಎಫ್‌ಜೆಡ್16 ತಂದರು. 153 ಸಿಸಿ ಇಂಜಿನ್ನು, ಹಿಂದೆ 140/60-17 ರೇಡಿಯಲ್ ಟೈರು. ಅಲ್ಲಿಗೆ ದಪ್ಪ ಟೈರು ಶ್ರೀಮಂತರ ಸಿನಿಮಾ ಕನಸಾಗಿ ಉಳಿಯಲಿಲ್ಲ. ನಮ್ಮ ಪಕ್ಕದ ಮನೆಯವನ ಅಂಗಳಕ್ಕೇ ಬಂತು.

ಎಫ್‌ಜೆಡ್ ಬಗ್ಗೆ ನನಗೆ ತಕರಾರಿಲ್ಲ. ಅದರ ರಿಮ್ಮು ಆ ಟೈರಿಗೆ ತಕ್ಕಷ್ಟು ಅಗಲ ಇದೆ. ಸ್ವಿಂಗ್ ಆರ್ಮು, ಚೈನು ಹೋಗುವ ದಾರಿ, ಮುಂದಿನ 100/80-17 ಟೈರು, ಎಲ್ಲವನ್ನೂ ಜೊತೆಗೆ ಕೂತು ಲೆಕ್ಕ ಹಾಕಿ ಮಾಡಿದ್ದು. ತಕರಾರು ಇರೋದು ಅದನ್ನು ನೋಡಿ ನಾವು ಕಲಿತ ಪಾಠದ ಬಗ್ಗೆ. ಹಯಾಬುಸಾಕ್ಕೆ 190ರ ಟೈರು ಯಾಕಿದೆ? 1300 ಸಿಸಿ ಇಂಜಿನ್ನಿನ 170ಕ್ಕೂ ಹೆಚ್ಚು ಕುದುರೆಶಕ್ತಿ ಒಂದೇ ಚಕ್ರದ ಮೂಲಕ ರಸ್ತೆಗೆ ಇಳಿಯಬೇಕು. ಆಗ ಹುಟ್ಟುವ ಶಾಖವನ್ನು ರಬ್ಬರು ತಡೆದುಕೊಳ್ಳಬೇಕು, ಬೇಗ ಸವೆಯಬಾರದು. ಟೈರು ಅಗಲ ಆಗಿದ್ದು ಶಕ್ತಿ ಇರೋದರಿಂದ. ನಾವು ಅದನ್ನು ತಿರುಗಿಸಿ ಓದಿದೆವು, ಟೈರು ಅಗಲ ಆದರೆ ಶಕ್ತಿ ಬಂದ ಹಾಗೆ ಅಂತ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. 14 ಕುದುರೆಶಕ್ತಿಯ ಗಾಡಿಗೆ 140ರ ಟೈರು.

ಈಗ ನನ್ನ ಕಥೆ. 2010ರ ಮಳೆಗಾಲ ಮುಗಿದ ಮೇಲೆ ನನ್ನ ಗಾಡಿಯ ಹಿಂದಿನ ಟೈರು ಬೋಳಾಗಿತ್ತು. ಅದೂ 150 ಸಿಸಿ ಗಾಡಿಯೇ. ಯಾವ ಕಂಪನಿ ಅಂತ ಬೇಡ, ತಪ್ಪು ಅದರದ್ದಲ್ಲ. ಅಂಗಡಿಗೆ ಹೋಗಿ 100/90-17 ಕೊಡಿ ಅಂದೆ. ಅಂಗಡಿಯವರು ಒಂದು ಟೈರನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. 130/70-17. "ಇದು ಕೂರುತ್ತೆ ಸಾರ್. ಎತ್ತರ ಒಂದೇ" ಅಂದರು.

ನಾನು ಲೆಕ್ಕ ಹಾಕುವ ಜನ. ಅಲ್ಲೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಟೈರಿನ ಮೇಲೆ 100/90-17 ಅಂತ ಇದ್ದರೆ ಮೊದಲನೆಯದು ಅಗಲ, 100 ಮಿಲಿಮೀಟರು. ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಟೈರಿನ ಗೋಡೆಯ ಎತ್ತರ ಅನ್ನೋದು, ಅಂದರೆ 90 ಮಿಲಿಮೀಟರು. ಮೂರನೆಯದು ರಿಮ್ಮಿನ ವ್ಯಾಸ, 17 ಇಂಚು. 17 ಇಂಚು ಅಂದರೆ 431.8 ಮಿಲಿಮೀಟರು. ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಒಟ್ಟು 611.8. ಈಗ 130/70: 130ರಲ್ಲಿ ನೂರಕ್ಕೆ 70 ಅಂದರೆ 91. ಒಟ್ಟು 613.8. ವ್ಯತ್ಯಾಸ ಬರೀ ಎರಡು ಮಿಲಿಮೀಟರು! ಅಂಗಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಕೈಯಾರೆ ಹಾಕಿದ ಲೆಕ್ಕ ನನಗೇ ಮೋಸ ಮಾಡಿತು.

ಯಾಕಂದರೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಎತ್ತರದ್ದಲ್ಲ, ರಿಮ್ಮಿನ ಅಗಲದ್ದು. ಟೈರಿನ ಎರಡು ಅಂಚು ರಿಮ್ಮಿನ ಎರಡು ತುಟಿಗಳ ಒಳಗೆ ಕೂರಬೇಕು. ಯಾವ ಅಳತೆಯ ಟೈರಿಗೆ ಎಷ್ಟು ಅಗಲದ ರಿಮ್ ಅಂತ ಟೈರು ಮಾಡುವವರೇ ಪಟ್ಟಿ ಕೊಡ್ತಾರೆ. 130ರ ಟೈರಿಗೆ ಮೂರರಿಂದ ನಾಲ್ಕು ಇಂಚು ಅಗಲದ ರಿಮ್ ಬೇಕು. ನನ್ನದು ಎರಡೂವರೆ. ಆ ಅಂಕಿ ರಿಮ್ಮಿನ ಮೇಲೆಯೇ ಅಚ್ಚಾಗಿರುತ್ತೆ. ಅಷ್ಟು ವರ್ಷ ಗಾಡಿ ತೊಳೆದಿದ್ದೇನೆ, ಒಂದು ದಿನವೂ ಅದನ್ನು ಓದಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದ್ದು ದುಡ್ಡಿನ ವಿಷಯಕ್ಕೆ. ಟೈರಿಗೆ ಅದು ಅಕ್ಷರಶಃ ಅನ್ವಯಿಸುತ್ತೆ. ರಿಮ್ಮು ಹಾಸಿಗೆ. ಕಿರಿದಾದ ಹಾಸಿಗೆಯಲ್ಲಿ ಅಗಲದ ಟೈರು ಮಲಗಿದರೆ ಅದು ಮುದುಡಿಕೊಳ್ಳುತ್ತೆ. ಎರಡೂ ಕಡೆ ಅಂಚು ಒಳಕ್ಕೆ ಎಳೆದುಕೊಂಡು ನಡುಭಾಗ ಗೋಪುರದ ಹಾಗೆ ಮೇಲಕ್ಕೆ ಉಬ್ಬುತ್ತೆ. ಒಂದು ತಿಂಗಳ ಮೇಲೆ ಸ್ಕೇಲು ಹಿಡಿದು ಅಳೆದು ನೋಡಿದೆ. ನನ್ನ 130ರ ಟೈರಿನ ಅಗಲ 120ರ ಹತ್ತಿರ ಇತ್ತು. 130ಕ್ಕೆ ದುಡ್ಡು ಕೊಟ್ಟು 120 ತಂದಿದ್ದೆ, ಅದೂ ಆಕಾರ ಕೆಟ್ಟ 120.

ಆದರೆ ಮೊದಲ ದಿನ? ಅಬ್ಬಾ, ಏನು ಖುಷಿ! ಗಾಡಿ ರಸ್ತೆಯನ್ನು ಕಚ್ಚಿಕೊಂಡು ಹೋಗ್ತಿದೆ ಅನ್ನಿಸಿತು. ಬ್ರೇಕು ಹಾಕಿದರೆ ನಿಂತ ಕಡೆ ನಿಲ್ಲುತ್ತೆ. ದಪ್ಪ ಟೈರು ಹಾಕಿಸಿದ ಎಲ್ಲರೂ ಇದನ್ನೇ ಹೇಳ್ತಾರೆ, ಯಾರೂ ಸುಳ್ಳು ಹೇಳ್ತಿಲ್ಲ. ಸಮಸ್ಯೆ ಏನೆಂದರೆ ನಾವು ಹೋಲಿಸೋದು ಬೋಳಾದ ಹಳೆಯ ತೆಳ್ಳನೆಯ ಟೈರಿಗೂ ಹೊಚ್ಚ ಹೊಸ ದಪ್ಪ ಟೈರಿಗೂ. ಹೊಸ 100ರ ಟೈರಿಗೂ ಹೊಸ 130ರ ಟೈರಿಗೂ ಹೋಲಿಸಿದವರು ಎಷ್ಟು ಜನ? ನಾನಂತೂ ಹೋಲಿಸಿರಲಿಲ್ಲ. ಹೊಸ ರಬ್ಬರಿನ ಪುಣ್ಯವನ್ನು ಅಗಲದ ಖಾತೆಗೆ ಬರೆದುಕೊಂಡೆ.

"ಅಗಲ ಆದರೆ ರಸ್ತೆಗೆ ತಾಗುವ ಜಾಗ ಹೆಚ್ಚಾಗುತ್ತೆ, ಗ್ರಿಪ್ಪು ಹೆಚ್ಚಾಗುತ್ತೆ" ಅನ್ನೋದು ಈ ವಾದದ ಬೆನ್ನೆಲುಬು. ಇದನ್ನೂ ಸ್ವಲ್ಪ ತೂಗಿ ನೋಡೋಣ. ಇಬ್ಬರು ಕೂತಾಗ ಹಿಂದಿನ ಚಕ್ರದ ಮೇಲೆ ಸುಮಾರು 160 ಕಿಲೋ ಭಾರ ಬೀಳುತ್ತೆ ಅಂತ ಇಟ್ಟುಕೊಳ್ಳಿ. ಟೈರಿನಲ್ಲಿ 32 ಪೌಂಡು ಗಾಳಿ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. ಆ 160 ಕಿಲೋವನ್ನು ಹೊರುತ್ತಾ ಇರೋದು ಒಳಗಿನ ಗಾಳಿ. ಭಾಗಿಸಿದರೆ ಸುಮಾರು 71 ಚದರ ಸೆಂಟಿಮೀಟರು, ಹೆಚ್ಚುಕಡಿಮೆ ನಿಮ್ಮ ಒಂದು ಅಂಗೈ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಾದರೂ ಬಂತಾ? ಇಲ್ಲ. ಟೈರಿನ ಗೋಡೆಯ ಬಿಗಿಯಿಂದ ಆಚೆ ಈಚೆ ಒಂದಿಷ್ಟು ಬದಲಾಗುತ್ತೆ, ಆದರೆ ಮುಖ್ಯವಾಗಿ ನಿರ್ಧಾರ ಮಾಡೋದು ಭಾರ ಮತ್ತು ಗಾಳಿ. ಅಗಲದ ಟೈರಿನಲ್ಲಿ ಆ ಅಂಗೈ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತೆ, ಅಷ್ಟೆ. ಅದೂ ಸರಿಯಾದ ರಿಮ್ಮಿನ ಮೇಲೆ ಕೂತಿದ್ದರೆ. ಮುದುಡಿ ಗೋಪುರವಾದ ಟೈರಿನಲ್ಲಿ ನೇರ ಹೋಗುವಾಗ ನೆಲ ಮುಟ್ಟೋದು ಗೋಪುರದ ತುದಿ ಮಾತ್ರ.

ರೇಸಿನವರನ್ನೇ ಕೇಳೋಣ ಅಂದರೆ ಅದಕ್ಕೂ ಉದಾಹರಣೆ ಇದೆ. ಮೋಟೊ3 ಅಂತ ಜಾಗತಿಕ ರೇಸು 2012ರಿಂದ ನಡೀತಿದೆ. 250 ಸಿಸಿಯ ಒಂಟಿ ಸಿಲಿಂಡರ್ ಗಾಡಿಗಳು, ಗಂಟೆಗೆ 200 ಕಿಲೋಮೀಟರು ದಾಟಿ ಓಡ್ತಾವೆ. ಮೊಣಕಾಲು ನೆಲಕ್ಕೆ ಸವರಿಕೊಂಡು ತಿರುವು ತೆಗೆದುಕೊಳ್ಳುವ ಹುಡುಗರು. ಡನ್‌ಲಪ್‌ನವರು ಅದಕ್ಕೆ ಟೈರು ಒದಗಿಸುತ್ತಿದ್ದ ವರ್ಷಗಳಲ್ಲಿ ಹಿಂದಿನ ಟೈರಿನ ಅಗಲ 115. ಗೆಲ್ಲೋದೇ ಕಸುಬಾದವರು, ಅಗಲದಿಂದ ಗೆಲುವು ಬರೋದಾಗಿದ್ದರೆ ಬಿಡ್ತಿದ್ರಾ? ಅಗಲ ಹೆಚ್ಚಾದಷ್ಟೂ ಗಾಡಿಯನ್ನು ವಾಲಿಸೋದು ನಿಧಾನ. ಅದೇ ವೇಗದಲ್ಲಿ ಅದೇ ತಿರುವು ತೆಗೆದುಕೊಳ್ಳೋದಕ್ಕೆ ಅಗಲದ ಟೈರಿನ ಗಾಡಿ ಸ್ವಲ್ಪ ಹೆಚ್ಚು ವಾಲಬೇಕು, ಯಾಕಂದರೆ ವಾಲಿದಾಗ ನೆಲ ಮುಟ್ಟುವ ಜಾಗ ನಡುವಿನಿಂದ ಪಕ್ಕಕ್ಕೆ ಅಷ್ಟು ದೂರ ಸರಿಯುತ್ತೆ. ಕುದುರೆಶಕ್ತಿ ಇದ್ದವರು ಅದನ್ನು ಸಹಿಸಿಕೊಳ್ತಾರೆ, ಅವರಿಗೆ ಬೇರೆ ದಾರಿಯಿಲ್ಲ. ನಮಗೇನು ಕರ್ಮ?

ನನ್ನ ಗಾಡಿಯಲ್ಲಿ ಒಂದೊಂದೇ ಶುರುವಾಯಿತು. ಲೀಟರಿಗೆ 50 ಕೊಡ್ತಿದ್ದದ್ದು 45ಕ್ಕೆ ಬಂತು. ಭಾರದ ಟೈರು, ತಿರುಗಿಸೋಕೆ ಇಂಜಿನ್ನಿಗೆ ಹೆಚ್ಚು ದುಡಿತ. ಇಬ್ಬರು ಕೂತು ಹಂಪು ಹಾರಿಸಿದರೆ ಹಿಂದಿನಿಂದ "ಸರ್ರ್" ಅಂತ ಶಬ್ದ. ಟೈರಿನ ಉಬ್ಬಿದ ನಡು ಮಡ್‌ಗಾರ್ಡಿನ ಒಳಗೆ ಉಜ್ಜುತ್ತಿತ್ತು. ಚೈನ್ ಕವರನ್ನು ಅಂಗಡಿಯಲ್ಲೇ ಒಂದು ಬೆರಳಷ್ಟು ಕತ್ತರಿಸಿದ್ದರು. ಆದರೂ ಚೈನಿಗೂ ಟೈರಿಗೂ ನಡುವೆ ಪೆನ್ಸಿಲ್ ತೂರಿಸುವಷ್ಟೂ ಜಾಗ ಇರಲಿಲ್ಲ. ತಿರುವಿನಲ್ಲಿ ಗಾಡಿ ಮೊದಲು ಮೊಂಡು ಹಿಡಿದು ನೆಟ್ಟಗೆ ನಿಲ್ಲುತ್ತೆ, ಆಮೇಲೆ ಒಮ್ಮೆಲೆ ಬೀಳುವ ಹಾಗೆ ವಾಲುತ್ತೆ. ಅಭ್ಯಾಸ ಆಗುತ್ತೆ ಅಂದುಕೊಂಡೆ. ಅಭ್ಯಾಸ ಆಯಿತು ಕೂಡ. ಕೆಟ್ಟದ್ದಕ್ಕೂ ಮನುಷ್ಯನಿಗೆ ಅಭ್ಯಾಸ ಆಗಿಬಿಡುತ್ತಲ್ಲ.

ಎಂಟು ಸಾವಿರ ಕಿಲೋಮೀಟರು ಆಗುವಷ್ಟರಲ್ಲಿ ಟೈರಿನ ನಡುವೆ ಎರಡು ಬೆರಳಗಲ ಚಪ್ಪಟೆ ಪಟ್ಟಿ ಬಿದ್ದಿತ್ತು. ಎರಡೂ ಪಕ್ಕದಲ್ಲಿ ಹೊಸ ಟೈರಿನ ಮೇಲೆ ಕೂದಲಿನ ಹಾಗೆ ನಿಂತಿರುತ್ತಲ್ಲ ರಬ್ಬರು, ಅದು ಹಾಗೇ ಇತ್ತು. ಅಂದರೆ ನಾನು ದುಡ್ಡು ಕೊಟ್ಟು ತಂದ ಆ ಹೆಚ್ಚುವರಿ ಅಗಲ ಒಂದು ದಿನವೂ ನೆಲ ಮುಟ್ಟಿರಲಿಲ್ಲ. ಸುಮ್ಮನೆ ಹಿಂದೆ ಬರುವವರಿಗೆ ದರ್ಶನ ಕೊಡ್ತಾ ತಿರುಗಿತ್ತು.

ಇಷ್ಟು ಬೈದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ಅಗಲ ಮಾಡಿಸೋದೆಲ್ಲ ಶೋಕಿ ಅಲ್ಲ. ನಮ್ಮ ಕಡೆ ಹಾಲಿನ ಕ್ಯಾನು, ಅಡಿಕೆ ಮೂಟೆ, ಗೊಬ್ಬರದ ಚೀಲ ಹೇರಿಕೊಂಡು ತೋಟದ ದಾರಿಯಲ್ಲಿ ಓಡಾಡುವ ಸ್ಪ್ಲೆಂಡರುಗಳನ್ನು ನೋಡಿ. ಕಂಪನಿಯಿಂದ ಬರ್ತಿದ್ದದ್ದು 2.75-18. ಎಷ್ಟೋ ಜನ ಹಿಂದೆ 3.00-18 ಹಾಕಿಸಿಕೊಂಡಿರ್ತಾರೆ. ಕಾಲು ಇಂಚು ಹೆಚ್ಚು. ಅದೇ ರಿಮ್ಮಿಗೆ ಒಪ್ಪುತ್ತೆ, ಮಡ್‌ಗಾರ್ಡಿಗೆ ತಾಗಲ್ಲ, ಭಾರ ತಡೆಯುತ್ತೆ. ಅವರು ಅದರ ಫೋಟೊ ತೆಗೆಸಿಕೊಳ್ಳೋದಿಲ್ಲ. ಅವರಿಗೆ ಬೇಕಾದದ್ದು ಕ್ಯಾನು ಉರುಳದೆ ಡೈರಿ ಮುಟ್ಟೋದು. ಅಗತ್ಯಕ್ಕೂ ಅಲಂಕಾರಕ್ಕೂ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತೆ: ಅಗತ್ಯ ಇದ್ದವರು ಒಂದು ಮೆಟ್ಟಿಲು ಹತ್ತಿ ನಿಲ್ತಾರೆ, ಅಲಂಕಾರಕ್ಕೆ ಹೊರಟವರಿಗೆ ಮೆಟ್ಟಿಲು ಮುಗಿಯೋದೇ ಇಲ್ಲ.

ಕೆಸರಿನಲ್ಲಿ ಓಡಿಸುವವರು ಇನ್ನೊಂದನ್ನೂ ಬಲ್ಲರು. ಮೇಲೆ ನಾಲ್ಕು ಬೆರಳು ಕೆಸರಿದ್ದು ಕೆಳಗೆ ಗಟ್ಟಿ ನೆಲ ಇದ್ದರೆ ತೆಳ್ಳನೆಯ ಟೈರು ಕೆಸರನ್ನು ಸೀಳಿಕೊಂಡು ನೆಲ ಹುಡುಕುತ್ತೆ. ದಪ್ಪ ಟೈರು ಕೆಸರಿನ ಮೇಲೆಯೇ ತೇಲಿಕೊಂಡು ಜಾರುತ್ತೆ. ಮಲೆನಾಡಿನ ಜುಲೈ ತಿಂಗಳಿಗೆ ಯಾವುದು ಬೇಕು ಅಂತ ನೀವೇ ಹೇಳಿ.

ಇನ್ನು ಚಂದದ ಮಾತು. ಇದು ಬರೀ ಸುರಕ್ಷತೆಯ ಉಪದೇಶ ಆಗಿದ್ದರೆ ಬರೀತಾನೇ ಇರಲಿಲ್ಲ. ನನ್ನ ನಿಜವಾದ ಜಗಳ ರುಚಿಯ ಬಗ್ಗೆ. ಆ ಹಳೆಯ ಆರ್‌ಎಕ್ಸ್ 100 ಇವತ್ತಿಗೂ ಯಾಕೆ ಚಂದ ಕಾಣುತ್ತೆ? ಕೆರೆಯ ಏರಿ ಮೇಲೆ ಒಂದು ಕಿಲೋಮೀಟರು ದೂರದಲ್ಲಿ ಹೋಗ್ತಿದ್ದರೂ ಗುರುತು ಸಿಗುತ್ತೆ. ತೆಳ್ಳನೆಯ ಟೈರು, ತೆಳ್ಳನೆಯ ಸೈಲೆನ್ಸರು, ಚಿಕ್ಕ ಟ್ಯಾಂಕು, ಎಲ್ಲವೂ ಒಂದೇ ಮಾತನ್ನು ಹೇಳ್ತಾವೆ: ನಾನು ಹಗುರ, ನಾನು ಚುರುಕು. 11 ಕುದುರೆಶಕ್ತಿಯ ಗಾಡಿ ತನ್ನ ಬಗ್ಗೆ ಸುಳ್ಳು ಹೇಳಿಕೊಳ್ಳೋದಿಲ್ಲ. ಮೈಸೂರಿನ ಕಾರ್ಖಾನೆಯಿಂದ ಬರ್ತಿದ್ದ ಜಾವಾ, ಯೆಜ್ಡಿಗಳನ್ನು ಈಗಲೂ ಒರೆಸಿ ಇಟ್ಟುಕೊಂಡವರು ಇದ್ದಾರೆ. ಅವರಲ್ಲಿ ಯಾರಾದರೂ ಅದಕ್ಕೆ 140 ಹಾಕಿಸಿದರೆ ಉಳಿದವರು ಮಾತು ಬಿಡ್ತಾರೆ. ಗಾಡಿಯ ಚಂದ ಇರೋದು ಒಂದು ಭಾಗದಲ್ಲಲ್ಲ, ಒಂದಕ್ಕೊಂದು ಇರುವ ಹೊಂದಿಕೆಯಲ್ಲಿ ಅಂತ ಅವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಸಣಕಲು ಹುಡುಗನಿಗೆ ಅಪ್ಪನ ಬೂಟು ಹಾಕಿಸಿದರೆ ಪಾದ ದೊಡ್ಡದಾಗಿ ಕಾಣುತ್ತೆ, ಹುಡುಗ ಇನ್ನೂ ಸಣ್ಣಗೆ ಕಾಣ್ತಾನೆ. ತೆಳ್ಳನೆಯ ಸ್ವಿಂಗ್ ಆರ್ಮಿನ ನಡುವೆ ತುರುಕಿದ ದಪ್ಪ ಟೈರೂ ಅಷ್ಟೇ. ಹಿಂದಿನಿಂದ ಒಂದೇ ಕೋನದಲ್ಲಿ ನೋಡಿದರೆ ಹಯಾಬುಸಾದ ನೆರಳು. ಪಕ್ಕಕ್ಕೆ ಎರಡು ಹೆಜ್ಜೆ ಬಂದು ನೋಡಿದರೆ ಕತ್ತರಿಸಿದ ಚೈನ್ ಕವರು, ಉಜ್ಜಿದ ಮಡ್‌ಗಾರ್ಡು, ಮುಂದೆ ಸೈಕಲ್ಲಿನ ಹಾಗೆ ಕಾಣುವ ಚಕ್ರ. ನನ್ನ ಆ ಫೋಟೊ ಹಿಂದಿನಿಂದ ತೆಗೆದದ್ದು ಸುಮ್ಮನೆ ಅಲ್ಲ.

ಕಾನೂನಿನ ಕಡೆಗೂ ಒಂದು ಮಾತು. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬಾರದು ಅನ್ನೋದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಸಾರ. ಕರ್ಕಶ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಸುದ್ದಿಯನ್ನು ಆಗಾಗ ಓದ್ತೀವಿ. ಟೈರನ್ನು ಯಾರೂ ಅಳೆಯೋದಿಲ್ಲ, ಅದು ಕಿವಿಗೆ ಕೇಳಿಸೋದಿಲ್ಲವಲ್ಲ. ಕೇಳಿಸೋದು ಓಡಿಸುವವನಿಗೆ ಮಾತ್ರ, ಅವನೂ "ಸರ್ರ್" ಅನ್ನೋದನ್ನ ಕೇಳಿಸಿಕೊಳ್ಳದ ಹಾಗೆ ಇರ್ತಾನೆ.

ಈಗ ಹೇಳಲೇಬೇಕಾದ್ದು.

2011ರ ಜೂನ್. ಅಕ್ಕ ಮತ್ತು ನಾನು ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಒಂದು ಮದುವೆಗೆ ಹೊರಟಿದ್ದೆವು. ಬಸ್ಸಿಗೆ ಹೋಗೋಣ ಅಂದಳು ಅಕ್ಕ. ಗಾಡಿಯಲ್ಲಿ ಬೇಗ ಹೋಗಬಹುದು ಅಂದವನು ನಾನು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಮಳೆ ಜೋರಾಗಿ ಏನೂ ಇರಲಿಲ್ಲ, ಜಿನುಗು. ಐದನೆಯದೋ ಆರನೆಯದೋ ತಿರುವು. ನಿಧಾನ ಇದ್ದೆ, ಎರಡನೇ ಗೇರು. ಗಾಡಿ ಎಂದಿನ ಹಾಗೆ ಮೊದಲು ಮೊಂಡು ಹಿಡಿಯಿತು. ಇನ್ನಷ್ಟು ವಾಲಿಸಿದೆ. ಆ ಚಪ್ಪಟೆ ಪಟ್ಟಿಯ ಅಂಚು ದಾಟಿ ಟೈರು ಪಕ್ಕಕ್ಕೆ ಹೊರಳಿತು. ಅದೇ ಕ್ಷಣ ಹಿಂದಿನ ಚಕ್ರ ಹೊರಕ್ಕೆ ಹೋಯಿತು. ಒಂದು ಉಸಿರು ತೆಗೆದುಕೊಳ್ಳುವಷ್ಟೂ ಸಮಯ ಇಲ್ಲ. ಇಬ್ಬರೂ ನೆಲದ ಮೇಲೆ.

ನನಗೆ ಮೊಣಕೈ ತರಚಿತು, ಅಷ್ಟೆ. ಅಕ್ಕ ಬಲಗೈ ಊರಿದ್ದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಅವಳು ಟೀಚರು, ಶಾಲೆ ಆಗಷ್ಟೇ ಶುರುವಾಗಿತ್ತು. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದರೆ ಮಕ್ಕಳು ನಗ್ತಿದ್ದರಂತೆ. ಈಗಲೂ ಮಳೆಗಾಲ ಬಂದರೆ ಆ ಕೈ ನೋಯುತ್ತೆ, ಹಪ್ಪಳದ ಹಿಟ್ಟು ಕುಟ್ಟೋಕೆ ಆಗಲ್ಲ.

ಬಿದ್ದ ಜಾಗದಲ್ಲಿ ನಿಂತ ಲಾರಿಯವರು "ಡೀಸೆಲ್ ಚೆಲ್ಲಿರಬೇಕು" ಅಂದರು. ನಾನು "ಹೌದು" ಅಂದೆ. ಅಷ್ಟೇ ನಾನು ಹೇಳಿದ್ದು. ಆ ಒಂದು "ಹೌದು" ನಮ್ಮ ಮನೆಯಲ್ಲಿ ಇತಿಹಾಸ ಆಗಿಬಿಟ್ಟಿತು. ಮದುವೆ ಮನೆಗಳಲ್ಲಿ, ಹಬ್ಬಗಳಲ್ಲಿ ಕಥೆ ಹೇಳುವಾಗಲೆಲ್ಲ ಅಕ್ಕ ಆ ಕಾಣದ ಡೀಸೆಲ್ ಚೆಲ್ಲಿದವನಿಗೆ ಬೈತಾಳೆ. ನಾನು ತಲೆ ತಗ್ಗಿಸಿ ಪಾಯಸ ಕುಡೀತೀನಿ. ಗಾಡಿ ಎತ್ತುವಾಗ ರಸ್ತೆ ನೋಡಿದ್ದೆ. ನೀರಿತ್ತು. ನೀರಿನ ಮೇಲೆ ಬಣ್ಣ ಇರಲಿಲ್ಲ. ಡೀಸೆಲ್ ಇದ್ದಿದ್ದರೆ ಕಾಣದೆ ಇರ್ತಿರಲಿಲ್ಲ.

ಟೈರೇ ಕಾರಣ ಅಂತ ದೇವರ ಮುಂದೆ ದೀಪ ಮುಟ್ಟಿ ಹೇಳ್ತೀನಾ? ಮಳೆ ಇತ್ತು, ಇಳಿಜಾರಿತ್ತು, ಓಡಿಸುವವನ ಕೈಯೂ ಇತ್ತು. ಸರಿಯಾದ ಟೈರಿನ ಗಾಡಿಗಳೂ ಬೀಳ್ತಾವೆ. ಆದರೆ ಮಾರನೇ ವಾರ ನಾನು ಮಾಡಿದ ಮೊದಲ ಕೆಲಸ ಆ ಟೈರು ಬಿಚ್ಚಿಸಿ 100/90-17 ಹಾಕಿಸಿದ್ದು. ಕಾರಣ ಡೀಸೆಲ್ ಅಂತ ನಾನು ನಂಬಿದ್ದರೆ ಅದನ್ನು ಯಾಕೆ ಬಿಚ್ಚಿಸ್ತಿದ್ದೆ?

ಮೂರು ದಿನ ಬಿಟ್ಟು ಹುಡುಗನಿಗೆ ಫೋನ್ ಮಾಡಿದೆ. ರಿಮ್ಮಿನ ಲೆಕ್ಕ ಹೇಳಿದೆ. 140ಕ್ಕೆ ಮೂರೂವರೆ ಇಂಚಿನ ರಿಮ್ ಬೇಕು, ನಿನ್ನ ರಿಮ್ಮಿನ ಮೇಲೆ ಎಷ್ಟು ಬರೆದಿದೆ ಓದು ಅಂದೆ. 140/60 ಹಾಕಿದರೆ ಒಟ್ಟು ವ್ಯಾಸ 12 ಮಿಲಿಮೀಟರು ಕಡಿಮೆಯಾಗಿ ಗಾಡಿಯ ಹಿಂಭಾಗ ಕೆಳಗಿಳಿಯುತ್ತೆ ಅಂದೆ. ಹೂಂ, ಹೂಂ ಅಂತಿದ್ದ. ಆ ಹೂಂ ಎಂಥದ್ದು ಅಂತ ನನಗೆ ಗೊತ್ತು, ನಾನೂ ಆ ವಯಸ್ಸಿನಲ್ಲಿ ಹಾಗೇ ಅಂತಿದ್ದೆ. ಆಮೇಲೆ ಆಗುಂಬೆಯ ಕಥೆ ಹೇಳಿದೆ, ಡೀಸೆಲ್ ಇಲ್ಲದ ಕಥೆ. ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ.

"ಅಮ್ಮಂಗೆ ಗೊತ್ತಾ ಮಾವ?"

"ಇಲ್ಲ."

"ಹೇಳಲಾ?"

"ಹೇಳು" ಅಂದೆ. ನಾನೇ ಹೇಳಬೇಕಿತ್ತು, ಗೊತ್ತು. ಆದರೂ ಹಾಗಂದೆ.

ಏನು ಕೊಳ್ಳಬೇಕು ಅಂತ ಕೇಳಿದ. ಅದೇ ಅಳತೆ, ಆದರೆ ಒಳ್ಳೆಯ ರಬ್ಬರು. ಮಳೆಯಲ್ಲಿ ಹಿಡಿಯುವ ಮೆತ್ತನೆಯ ರಬ್ಬರಿನ ಟೈರು ಬೇಗ ಸವೆಯುತ್ತೆ, ಸವೆಯಲಿ. ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ಒಣಗಿದ ಟೈರು ಬೇಡ. 55ಪಿ ಅಂತ ಇದ್ದರೆ 218 ಕಿಲೋ ಭಾರ, ಗಂಟೆಗೆ 150 ಕಿಲೋಮೀಟರು ವೇಗ ತಡೆಯುತ್ತೆ ಅಂತ ಅರ್ಥ, ನಿನಗೂ ನಿನ್ನ ಹಿಂದೆ ಕೂರುವವರಿಗೂ ಧಾರಾಳ ಸಾಕು. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸು. 140ಕ್ಕೆ ಅಂತ ಇಟ್ಟ ದುಡ್ಡಲ್ಲಿ ಉಳಿದದ್ದಕ್ಕೆ ಒಂದು ಒಳ್ಳೆಯ ಹೆಲ್ಮೆಟ್ ತಗೋ, ಹಿಂದೆ ಕೂರುವವರಿಗೆ.

ಭಾನುವಾರ ಫೋಟೊ ಕಳಿಸಿದ. 100/90-17. ಪಕ್ಕದಿಂದ ತೆಗೆದಿದ್ದ. ಗಾಡಿ ಚೆನ್ನಾಗೇ ಕಾಣ್ತಿತ್ತು. "ಹಿಂದಿನಿಂದ ನೋಡಿದ್ರೆ ತೆಳ್ಳಗೆ ಕಾಣುತ್ತೆ ಮಾವ" ಅಂತ ಕೆಳಗೆ ಬರೆದಿದ್ದ. ಹಿಂದಿನಿಂದ ನೋಡುವವರು ಬೇರೆಯವರು ಮಾರಾಯ, ನೀನು ಮೇಲೆ ಕೂತಿರ್ತೀಯ ಅಂತ ಉತ್ತರ ಹಾಕಿದೆ.

ಸಂಜೆ ಅಕ್ಕನ ಫೋನು. ಎತ್ತೋಕೆ ಮೊದಲು ಎರಡು ಸಲ ಗಂಟಲು ಸರಿ ಮಾಡಿಕೊಂಡೆ.

"ಎಂತದೋ, ಟೈರಂತೆ?" ಅಂದಳು.

"ಹೌದು ಅಕ್ಕ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಇಷ್ಟು ವರ್ಷ ಆ ಡೀಸೆಲ್ಲಿನವನಿಗೆ ಎಷ್ಟು ಶಾಪ ಹಾಕಿದೀನೋ! ಅದೆಲ್ಲ ಈಗ ಯಾರಿಗೆ ಹೋಗಬೇಕು?"